ಅತ್ತೆ ರಗ್ಗು ಒಗೆಯುವ ದಿನ

ಊರಿನ ಇಂಟರ್ನೆಟ್ಟು ಯಾವತ್ತು ಕುಂಟುತ್ತದೆ ಎಂದು ಹೇಳಲು ಯಾವ ಇಂಜಿನಿಯರೂ ಬೇಕಿರಲಿಲ್ಲ. ಡಿಶ್ಶಣ್ಣನ ಅತ್ತೆ ರಗ್ಗು ಒಗೆದ ದಿನ ಕುಂಟುತ್ತಿತ್ತು. ಆ ಬೀದಿಗೆಲ್ಲ ಎತ್ತರದ ಮನೆ ಅತ್ತೆಯದು. ಅದರ ತಾರಸಿಯ ನಡುವೆ ಆಳೆತ್ತರದ ಒಂದು ಕಬ್ಬಿಣದ ಕಂಬ, ಕಂಬಕ್ಕೆ ಬಿಗಿದ ದೊಡ್ಡ ಡಿಶ್ಶು. ಒಂಬತ್ತು ಕಿಲೋಮೀಟರ್ ಆಚೆ, ಗುಡ್ಡದ ಮೇಲಿನ ಟವರಿನಿಂದ ಗಾಳಿಯಲ್ಲಿ ಬರುವ ಇಂಟರ್ನೆಟ್ಟನ್ನು ಆ ಡಿಶ್ಶು ಹಿಡಿಯಬೇಕು. ಹಿಡಿದದ್ದನ್ನು ಡಿಶ್ಶಣ್ಣ ನಾನೂರು ಮನೆಗಳಿಗೆ ಹಂಚಬೇಕು. ಇಷ್ಟೇ ಅವನ ಕಂಪನಿ. ಕೆಳಗಿನ ಮುಂದಿನ ಕೋಣೆ ಅದರ ಆಫೀಸು, ಫೋನೆತ್ತಿ ಬೈಸಿಕೊಳ್ಳುವ ಕೆಲಸ ಹೆಂಡತಿಯದು.

ಅತ್ತೆಗೆ ಮಾತ್ರ ಅದು ಬಟ್ಟೆ ಒಣಗಿಸುವ ಕಂಬ. ಡಿಶ್ಶನ್ನು ಹಿಡಿದಿರುವ ಚೌಕಟ್ಟಿಗೆ ಎಡಕ್ಕೊಂದು ಬಲಕ್ಕೊಂದು ಕೊಂಡಿ ಇತ್ತು. ಎಡಗಡೆಯ ಕೊಂಡಿಯಿಂದ ನೀರಿನ ಟ್ಯಾಂಕಿನ ಗೋಡೆಯ ಮೊಳೆಗೆ ಒಂದು ಹಗ್ಗ, ಬಲಗಡೆಯದರಿಂದ ಮೆಟ್ಟಿಲ ಕೋಣೆಯ ಗೋಡೆಯ ಮೊಳೆಗೆ ಇನ್ನೊಂದು. ಸೀರೆ, ಟವೆಲ್ಲು ಹಾಕಿದರೆ ತೊಂದರೆಯಿಲ್ಲ. ಒದ್ದೆ ರಗ್ಗು ಬಿದ್ದರೆ ಡಿಶ್ಶು ಕೂದಲೆಳೆಯಷ್ಟು ವಾಲುತ್ತಿತ್ತು, ಊರಿಗೆ ಊರೇ ಫೋನ್ ಮಾಡುತ್ತಿತ್ತು. ಡಿಶ್ಶಣ್ಣ ಎರಡೆರಡು ಮೆಟ್ಟಿಲು ಹಾರಿ ಹೋಗಿ ಕೂಗಾಡಿದರೆ ಅತ್ತೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಕಂಬ ನಿಮ್ಮದು, ತಾರಸಿ ನನ್ನದು, ಬಿಸಿಲು ಇಬ್ಬರದೂ ಅಲ್ಲ ಎಂದು ಕೊಡವಿ ಕೊಡವಿ ಇನ್ನೊಂದು ರಗ್ಗು ಹಾಕುತ್ತಿದ್ದಳು. ಮೂರು ವರ್ಷದಿಂದ ಇದೇ ರಾಮಾಯಣ.

ಮೂರು ವರ್ಷದ ಹಿಂದೆ, ಹೋದ ಸಲದ ಚಂಡಮಾರುತದಲ್ಲಿ ಡಿಶ್ಶಣ್ಣ ಧೈರ್ಯ ಮಾಡಿ ಡಿಶ್ಶನ್ನು ಕಂಬದಲ್ಲೇ ಬಿಟ್ಟಿದ್ದ. ಗಾಳಿ ಅದನ್ನು ಕಿತ್ತುಕೊಂಡು ಹೋಗಿ ಮೂರು ಬೀದಿ ಆಚೆ ಒಗೆದಿತ್ತು. ಹುಡುಕಿಕೊಂಡು ಹೋದಾಗ ಯಾರದೋ ಹಿತ್ತಲಲ್ಲಿ ಕೋಳಿಗಳು ಅದರಲ್ಲಿ ನೀರು ಕುಡಿಯುತ್ತಿದ್ದವು. ಊರು ಹನ್ನೊಂದು ದಿನ ಇಂಟರ್ನೆಟ್ಟಿಲ್ಲದೆ ಕೂತಿತು. ಆಗ ಹೆಂಡತಿಯ ಅಣ್ಣ, ಅಂದರೆ ಭಾವ, ಮನೆಗೆ ಬಂದು ಬುದ್ಧಿ ಹೇಳಿದ್ದ. ಅವನದು ಕಮೋಡು, ನಲ್ಲಿ, ವಾಶ್‌ಬೇಸಿನ್ನು ಮಾರುವ ಅಂಗಡಿ. ಗಾಳಿಯಲ್ಲಿ ಬರೋದನ್ನ ನಂಬಿ ಹೆಂಡತಿ ಸಾಕೋದಕ್ಕಿಂತ ನನ್ನ ಕೌಂಟರಲ್ಲಿ ಬಂದು ಕೂತ್ಕೊ ಎಂದಿದ್ದ. ಮೊದಲೇ ಮನೆಯಳಿಯ ಎಂದು ಕರೆಸಿಕೊಳ್ಳುತ್ತಿದ್ದವನಿಗೆ ಮೈಯೆಲ್ಲ ಉರಿಯಿತು. ಎಲ್ಲರ ಮುಂದೆ ಹೇಳಿಬಿಟ್ಟ:

"ಇನ್ನೊಂದು ಸಲ ಚಂಡಮಾರುತ ಬರ್ಲಿ. ಗಾಳಿ ನಿಂತ ಮಾರನೇ ದಿನ ಸಂಜೆ ಆರು ಗಂಟೆಯೊಳಗೆ ನೆಟ್ ಬರ್ಲಿಲ್ಲ ಅಂದ್ರೆ ಕಂಪನಿಗೆ ಬೀಗ ಹಾಕಿ ನಿಮ್ಮ ಅಂಗಡಿಗೆ ಬರ್ತೀನಿ."

ಈಗ ಅದು ಬರುತ್ತಿತ್ತು. ಹವಾಮಾನದವರು ಹೆಸರು ಇಟ್ಟು, ದಿಕ್ಕು ಹೇಳಿ, ಮೂರು ದಿನ ಗಡುವು ಕೊಟ್ಟಿದ್ದರು. ಭಾವ ಇನ್ನೂ ಚುರುಕು. ಅಂಗಡಿಯ ಕೆಲಸದವರು ಹಾಕುವ ತಿಳಿನೀಲಿ ಬಟ್ಟೆಯನ್ನು ಎರಡೂವರೆ ಮೀಟರ್ ತಂದು, ಅಳಿಯನಿಗೊಂದು ಶರ್ಟು ಹೊಲಿದಿಡು ಎಂದು ತಾಯಿಯ ಕೈಗೆ ಕೊಟ್ಟುಹೋದ. ಅತ್ತೆ ಡಿಶ್ಶಣ್ಣನನ್ನು ನಿಲ್ಲಿಸಿ ಭುಜ, ತೋಳು, ಕತ್ತು ಅಳೆದಳು. ಟೇಪು ಕತ್ತಿನ ಸುತ್ತ ಬಂದಾಗ ಅವನಿಗೆ ಉಸಿರೇ ನಿಂತಂತಾಯಿತು.

ಈ ಸಲ ಅವನು ಪಟ್ಟಿ ಮಾಡಿದ್ದ. ಮೂವತ್ತೊಂದು ಅಂಶ, ಆಫೀಸಿನ ಗೋಡೆಗೆ ಅಂಟಿಸಿದ್ದ. ಒಂದನೆಯದು: ಅತ್ತೆಯ ಹಗ್ಗ ತೆಗೆಯುವುದು. ಮೂರು ವರ್ಷದ ಸಿಟ್ಟನ್ನೆಲ್ಲ ಸೇರಿಸಿ ಅದನ್ನು ಮೊದಲು ಮಾಡಿದ. ಹಗ್ಗಗಳನ್ನು ಕಳಚಿ ಅತ್ತೆಯ ಕಾಲ ಹತ್ತಿರ ಎಸೆದು, ಸುಟ್ಟುಹಾಕಿ ಎಂದ. ಆಮೇಲೆ ಬ್ಯಾಟರಿಗಳಿಗೆ ಚಾರ್ಜು, ಜನರೇಟರಿಗೆ ಡೀಸೆಲ್ಲು, ಜೋತುಬಿದ್ದ ಕೇಬಲ್ಲುಗಳಿಗೆ ಕಟ್ಟು, ಹೊರಗಿನ ಪೆಟ್ಟಿಗೆಗಳಿಗೆಲ್ಲ ಪ್ಲಾಸ್ಟಿಕ್ಕು. ಊರ ತಾರಸಿಗಳನ್ನೆಲ್ಲ ಹತ್ತಿ ಇಳಿದು ಅವನ ಮಂಡಿ ಸವೆದುಹೋಯಿತು. ಕೊನೆಗೆ ದೊಡ್ಡ ಡಿಶ್ಶನ್ನು ಚೌಕಟ್ಟು ಸಮೇತ ಬಿಚ್ಚಿ ಅತ್ತೆಯ ಮಂಚದ ಕೆಳಗೆ ತಳ್ಳಿದ.

ಬಿಚ್ಚುವ ಮೊದಲು ಇಪ್ಪತ್ತೆರಡನೇ ಅಂಶ ಬಂತು: ಡಿಶ್ಶು ಯಾವ ಕಡೆ ತಿರುಗಿತ್ತು ಎಂದು ಗುರುತು ಮಾಡಿಕೊಳ್ಳುವುದು. ಕಂಬದ ಮೇಲೆ ಮೊಳೆಯಲ್ಲಿ ಒಂದು ಗೀರು ಹಾಕಿ, ಇಲ್ಲ ಒಂದು ಚೀಟಿಯಲ್ಲಾದರೂ ಬರೆದಿಡಿ ಎಂದು ಹೆಂಡತಿ ಹೇಳಿದಳು. ಡಿಶ್ಶಣ್ಣ ನಕ್ಕುಬಿಟ್ಟ. ಗೀರು ಹಾಕಿದರೆ ಕಂಬ ತುಕ್ಕು ಹಿಡಿಯುತ್ತದೆ, ಚೀಟಿ ನೆನೆಯುತ್ತದೆ. ಅವನು ನಾಲ್ಕು ಕಡೆಯಿಂದ ಫೋಟೋ ತೆಗೆದು, ಡಿಗ್ರಿ ಲೆಕ್ಕ ಬರೆದು, ಎಲ್ಲವನ್ನೂ ಯಾವ ಮಳೆಯೂ ಮುಟ್ಟಲಾರದ ಜಾಗದಲ್ಲಿ, ಅಂದರೆ ಇಂಟರ್ನೆಟ್ಟಿನಲ್ಲಿ, ಭದ್ರವಾಗಿ ಇಟ್ಟ. ಫೋನು ಹೊಟ್ಟೆ ತುಂಬಿ ಒದ್ದಾಡುತ್ತಿದ್ದುದರಿಂದ ಅದರೊಳಗಿನದನ್ನು ಅಳಿಸಿ ಹಾಕಿದ. ಹೆಂಡತಿಗೆ ಏನೋ ಸರಿಯಿಲ್ಲ ಅನ್ನಿಸಿತಂತೆ. ಏನು ಎಂದು ಹೊಳೆಯುವಷ್ಟರಲ್ಲಿ ಮತ್ತೆ ಆಫೀಸಿನ ಫೋನು ಹೊಡೆದುಕೊಂಡಿತು.

ಚಂಡಮಾರುತ ಎರಡು ದಿನ ಕುಣಿದು ಹೋಯಿತು. ಮಾರನೇ ಬೆಳಗ್ಗೆ ಡಿಶ್ಶಣ್ಣ ತಾರಸಿಗೆ ಹೋದಾಗ ಕಂಬ ಜಗ್ಗದೆ ನಿಂತಿತ್ತು. ಬ್ಯಾಟರಿ, ಪೆಟ್ಟಿಗೆ, ಕೇಬಲ್ಲು, ಎಲ್ಲ ನೆಟ್ಟಗಿದ್ದವು. ಯುದ್ಧ ಗೆದ್ದವನಂತೆ ಎದೆಯುಬ್ಬಿಸಿ ಡಿಶ್ಶನ್ನು ಹೊತ್ತು ತಂದು ಕಂಬಕ್ಕೆ ಏರಿಸಿದ. ಇನ್ನು ದಿಕ್ಕು ನೋಡಿ ಬೋಲ್ಟು ಬಿಗಿಯುವುದಷ್ಟೇ ಬಾಕಿ. ಫೋಟೋ ನೋಡಲು ಫೋನು ತೆಗೆದ.

ದಿಕ್ಕು ನೋಡಲು ಇಂಟರ್ನೆಟ್ಟು ಬೇಕು. ಇಂಟರ್ನೆಟ್ಟು ಬರಲು ದಿಕ್ಕು ಬೇಕು.

ಮೊಬೈಲ್ ಟವರುಗಳೂ ಸತ್ತಿದ್ದವು. ಗುಡ್ಡವನ್ನೇ ನೋಡಿ ತಿರುಗಿಸೋಣವೆಂದರೆ ಅದು ಮೋಡದ ಮುಸುಕೆಳೆದು ಮಲಗಿತ್ತು. ಫೋನಿನ ದಿಕ್ಸೂಚಿ ಕಬ್ಬಿಣದ ಕಂಬದ ಪಕ್ಕ ಹುಚ್ಚು ಹಿಡಿದಂತೆ ಸುತ್ತಿತು. ಅಂದಾಜಿನಲ್ಲಿ ತಿರುಗಿಸಿದ. ಇಲ್ಲಿ ಒಂದು ಬೆರಳು ತಪ್ಪಿದರೆ ಅಲ್ಲಿ ಗುಡ್ಡವೇ ತಪ್ಪುತ್ತದೆ. ಮಧ್ಯಾಹ್ನದವರೆಗೆ ಇಂಚಿಂಚು ಎಡಕ್ಕೆ, ಬಲಕ್ಕೆ ತಿರುಗಿಸಿ ಅವನ ತೋಳು ಬಿದ್ದುಹೋಯಿತು. ಕೆಳಗೆ ಜನ ಸೇರಿದ್ದರು. ಒಬ್ಬರಂತೂ ತಮ್ಮ ರೂಟರನ್ನೇ ಕಂಕುಳಲ್ಲಿ ಇಟ್ಟುಕೊಂಡು ಬಂದು, ಇಲ್ಲೇ ಸ್ವಲ್ಪ ತುಂಬಿಸಿಕೊಡಿ ಎಂದರು. ಮೂರು ಗಂಟೆಗೆ ಭಾವ ಬಿದ್ದ ಮರಗಳನ್ನೆಲ್ಲ ದಾಟಿಕೊಂಡು ಬಂದು ಆಫೀಸಿನಲ್ಲಿ ಗಡಿಯಾರದ ಎದುರಿಗೇ ಕುರ್ಚಿ ಹಾಕಿಕೊಂಡು ಕೂತ. ಹೆಂಡತಿ ಮೇಲೆ ಬಂದು ವಿಷಯ ಕೇಳಿದಳು. ಅವಳಿಗೆ ನಗು ಬಂತು. ಗಂಡನ ಮುಖ ನೋಡಿದ ಮೇಲೆ ಅದು ಬಾಯಲ್ಲೇ ಉಳಿಯಿತು.

ಐದು ಗಂಟೆಯಾಯಿತು. ಡಿಶ್ಶಣ್ಣ ಟ್ಯಾಂಕಿಗೆ ಒರಗಿ ತಲೆಯ ಮೇಲೆ ಕೈ ಹೊತ್ತು ಕೂತ. ತಿಳಿನೀಲಿ ಶರ್ಟು ಹಾಕಿಕೊಂಡು, ಈ ಫ್ಲಶ್ಶು ಚೆನ್ನಾಗಿದೆ ನೋಡಿ ಸಾರ್ ಎನ್ನುತ್ತಿರುವ ತನ್ನನ್ನು ತಾನೇ ನೋಡಿದ. ಅಳು ಬಂತು, ನಿಜವಾಗಿಯೂ ಬಂತು.

ಆಗ ಅತ್ತೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲೊಂದು ಗಂಟು. ಬಿಚ್ಚಿದರೆ ಒಳಗೆ ಎರಡು ಹಗ್ಗ.

"ಸುಟ್ಟಾಕಿ ಅಂದ್ರಲ್ಲ, ಸುಡ್ಲಿಲ್ಲ. ಗಂಟೂ ಬಿಚ್ಚಿಲ್ಲ."

"ಈಗ ಬಟ್ಟೆ ಒಣಗಿಸೋ ಹೊತ್ತಾ ಅತ್ತೆ?"

"ಎರಡೂ ಹಗ್ಗ ಮೂರು ವರ್ಷದಿಂದ ಅದೇ ಅಳತೆ. ಆ ಕಡೆ ಮೊಳೆಗೆ ಸಿಕ್ಕಿಸಿ, ಈ ಕಡೆ ಕೊಂಡಿಗೆ ಸಿಕ್ಕಿಸಿ. ಎರಡೂ ಬಿಗಿ ಆಗೋ ತನಕ ತಿರುಗಿಸಿ. ಡಿಶ್ಶು ಬೇರೆ ಎಲ್ಲಿಗೆ ಹೋಗತ್ತೆ? ರಗ್ಗು ಹಾಕಿದ್ರೆ ಎಷ್ಟು ವಾಲತ್ತೆ ಅಂತ ನಿಮಗಿಂತ ಚೆನ್ನಾಗಿ ನಂಗೊತ್ತು."

ಡಿಶ್ಶಣ್ಣ ಹಗ್ಗ, ಮೊಳೆ, ಕೊಂಡಿಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಎದ್ದ. ಟ್ಯಾಂಕಿನ ಮೊಳೆಗೆ ಒಂದು, ಮೆಟ್ಟಿಲ ಕೋಣೆಯ ಮೊಳೆಗೆ ಒಂದು. ಎಡಗಡೆಯದು ಬಿಗಿಯಾದಾಗ ಬಲಗಡೆಯದು ಜೋತುಬಿತ್ತು. ಬಲಕ್ಕೆ ಎಳೆದರೆ ಎಡ ಸಡಿಲ. ಅತ್ತೆ ಸೊಂಟಕ್ಕೆ ಕೈಯಿಟ್ಟು, ಇನ್ನೊಂದು ಚೂರು, ಸಾಕು, ಜಾಸ್ತಿಯಾಯಿತು ಎಂದು ಹೇಳುತ್ತಿದ್ದಳು. ಎರಡೂ ಹಗ್ಗ ತಂತಿಯಂತೆ ನಿಂತ ಗಳಿಗೆಗೆ ಕಂಬದ ಬುಡದ ಪೆಟ್ಟಿಗೆಯ ಮೇಲಿನ ಕೆಂಪು ದೀಪ ಹಸಿರಾಯಿತು. ತಡಮಾಡದೆ ಬೋಲ್ಟು ಬಿಗಿದ. ಕೆಳಗೆ ಭಾವನ ಫೋನು ಎರಡು ದಿನದ ಮೆಸೇಜುಗಳನ್ನು ಒಂದೇ ಸಲ ಕಕ್ಕಿಕೊಂಡು ಟುಣ್ ಟುಣ್ ಎನ್ನತೊಡಗಿತು. ಆರಕ್ಕೆ ಇನ್ನೂ ಹನ್ನೆರಡು ನಿಮಿಷ ಇತ್ತು.

ಡಿಶ್ಶಣ್ಣನ ಕಣ್ಣು ಆಗ ನೆಲದ ಮೇಲೆ ಬಿದ್ದ ಗಂಟಿನ ಬಟ್ಟೆಯ ಮೇಲೆ ಹೋಯಿತು. ತಿಳಿನೀಲಿ. ಕೈಗೆತ್ತಿಕೊಂಡು ಬಿಡಿಸಿದ. ಎರಡೂವರೆ ಮೀಟರ್ ಹಾಗೇ ಇತ್ತು, ಒಂದು ಕಡೆಯೂ ಕತ್ತರಿ ಆಡಿರಲಿಲ್ಲ.

"ಅತ್ತೆ, ಇದು ನನ್ನ ಶರ್ಟಿನ ಬಟ್ಟೆ ಅಲ್ವಾ? ಅಳತೆ ತಗೊಂಡಿದ್ರಿ."

"ಮಗ ತಂದುಕೊಟ್ಟ, ಬೇಡ ಅನ್ನಕ್ಕಾಗತ್ತಾ, ಅಳತೆ ತಗೊಂಡೆ," ಎಂದಳು ಅತ್ತೆ, ಹಗ್ಗವನ್ನು ಬೆರಳಿಂದ ಮೀಟಿ ನೋಡುತ್ತ. "ಕತ್ತರಿಸೋಕೆ ಮನಸ್ಸು ಬರ್ಲಿಲ್ಲ. ನೀವು ಅಂಗಡೀಲಿ ಕೂತ್ಬಿಟ್ರೆ ನಾನು ಇಲ್ಲಿ ಯಾರ ಜೊತೆ ಜಗಳ ಆಡ್ಲಿ?"

ಮೂರು ವರ್ಷ ಈ ಹೆಂಗಸನ್ನು ಶತ್ರು ಎಂದುಕೊಂಡಿದ್ದೆನಲ್ಲ ಎಂದು ಡಿಶ್ಶಣ್ಣನಿಗೆ ನಾಚಿಕೆಯಾಯಿತು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅವಳ ಕೈಗೆ ಕೊಟ್ಟ.

ಗೋಡೆಯ ಮೇಲಿನ ಪಟ್ಟಿಯಲ್ಲಿ ಈಗ ಒಂದನೇ ಅಂಶವನ್ನು ತಿದ್ದಿ ಬರೆದಿದೆ: ಹಗ್ಗಗಳನ್ನು ಗಂಟು ಬಿಚ್ಚದೆ ಅತ್ತೆಯ ಕೈಗೆ ಕೊಡುವುದು. ಮುಂದಿನ ವಾರ ಬಿಸಿಲು ಬಂತು. ಹತ್ತು ಗಂಟೆಯಿಂದ ಆಫೀಸಿನ ಫೋನು ಹೊಡೆದುಕೊಳ್ಳತೊಡಗಿತು. ಹೆಂಡತಿ ಕೈ ಚಾಚುವ ಮೊದಲೇ ಡಿಶ್ಶಣ್ಣ ಎತ್ತಿದ.

"ಹೌದು, ನಿಧಾನ ಇದೆ. ನಮ್ಮತ್ತೆ ರಗ್ಗು ಒಗೆದಿದ್ದಾರೆ. ಒಣಗೋವರೆಗೂ ಕಾಯಿರಿ," ಎಂದು ಹೇಳಿ ಫೋನಿಟ್ಟು, ಎರಡನೇ ರಗ್ಗು ಹಿಂಡಲು ಮೇಲೆ ಹೋದ.