ತವರಿನ ಕೋಡಿ

"ಕೈ ತೆಗಿ ಕೃಷ್ಣಸಾಮೀ! ತವರ ಕೋಡಿ ಬರದೆ ಇವಳನ್ನ ಎತ್ತೋಕೆ ನಾನ್ ಬಿಡೋಲ್ಲ."

ರಾಮಾಯಿ ಅಜ್ಜಿ ಹೆಣವಿದ್ದ ಐಸ್ ಪೆಟ್ಟಿಗೆಗೆ ಅಡ್ಡ ನಿಂತುಬಿಟ್ಟಳು. ಕೇರಿಯ ಸಾವುಗಳನ್ನೆಲ್ಲ ಮುಂದೆ ನಿಂತು ನಡೆಸುವ ಮುದುಕಿ, ಅವಳಿಗೆ ಎದುರಾಡಿದವರಿಲ್ಲ. ಸತ್ತ ಹೆಣ್ಣಿಗೆ ಹುಟ್ಟಿದ ಮನೆಯಿಂದ ಹೊಸ ಸೀರೆ ಬರಬೇಕು, ಅದೇ ಕೋಡಿ. ಅದನ್ನು ಹೊದಿಸಿದ ಮೇಲೆಯೇ ಹೊರಡಬೇಕು. ಕಾಮಾಕ್ಷಿಯಮ್ಮನಿಗೆ ತವರೆಂದು ಉಳಿದಿದ್ದವನು ಮಡತ್ತುಕುಳದ ತಮ್ಮ ದಂಡಪಾಣಿ ಒಬ್ಬನೇ. ಬೆಳಿಗ್ಗೆಯೇ ಅವನಿಗೆ ಸುದ್ದಿ ಮುಟ್ಟಿತ್ತು. ಮಧ್ಯಾಹ್ನವಾದರೂ ಆಳಿನ ಸುಳಿವಿಲ್ಲ.

"ನಾನೇ ನೇಯ್ದ ಸೀರೆ ಒಳಗಿದೆ, ಅದೇ ಸಾಕು," ಎಂದ ಕೃಷ್ಣಸಾಮಿ, ಹೆಂಡತಿಯ ಮುಖ ನೋಡದೆ.

"ಅದು ಗಂಡನ ಮನೇದು. ಹುಟ್ಟಿದ ಮನೆ ಇಲ್ಲದ ಅನಾಥೆನಾ ಇವಳು?"

ಮಗಳು ಕೃತ್ತಿಕಾಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅಮ್ಮ ಕೊನೆಗೆ ಕೇಳಿದ್ದು ಒಂದೇ: "ನನ್ನ ಎತ್ತೋವಾಗ ನನ್ ತಮ್ಮ ಇರ್ಬೇಕು ಕಣೇ." ಅಷ್ಟನ್ನೂ ನಡೆಸಿಕೊಡದಿದ್ದರೆ ಮಗಳಾಗಿ ಹುಟ್ಟಿ ಏನು ಬಂತು? ಬೀದಿಯ ತುದಿಗೆ ಹೋದಳು, ಬಂದಳು, ಮತ್ತೆ ಹೋದಳು. ವ್ಯಾನಿನ ಡ್ರೈವರ್ ಹಾರ್ನ್ ಒತ್ತಿ, "ಅಕ್ಕಾ, ನೇರಮಾಚ್ಚು," ಹೊತ್ತಾಯಿತೆಂದು ತಮಿಳಿನಲ್ಲಿ ಅವಸರ ಮಾಡಿದ.

ಶಾಮಿಯಾನದಡಿ ಕೂತವರ ಬಾಯಿಗೆ ಬೀಗವಿರಲಿಲ್ಲ. ಸಾವಿನ ಮನೆಯಲ್ಲಿ ವೈದ್ಯರಿಗೇನು ಬರಗಾಲವೇ?

"ನೂಲಿಗೆ ಬಣ್ಣ ಹಾಕ್ತಿದ್ಳಲ್ಲ, ಆ ನೀರಿಂದ್ಲೇ ಲಿವರ್ ಹೋಯ್ತು," ಎಂದ ಪಕ್ಕದ ಮನೆಯ ಮಯಿಲ್‌ಸಾಮಿ.

"ಸುಮ್ನಿರಿ! ಅವಳಮ್ಮ ಸುಬ್ಬಾತಾಳೂ ಕಾಮಾಲೇಲೇ ಹೋದದ್ದು. ತವರ ಕಡೆ ಸೀಕು ಅದು," ಎಂದಳು ಅವನ ಹೆಂಡತಿ.

ಕೃತ್ತಿಕಾಗೆ ಮೈಯೆಲ್ಲ ಉರಿಯಿತು. ಎರಡು ಮನೆಗಳನ್ನು ಒಡೆದದ್ದೇ ಆ ಮಾತು.

*

ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ತೆನ್ಮೊಳಿ ಬಯಾಪ್ಸಿಯ ಫಲಿತಾಂಶ ಹೇಳಿದ ದಿನ ದಂಡಪಾಣಿಯೂ ಜೊತೆಗಿದ್ದ. ಲಿವರಿನ ಕ್ಯಾನ್ಸರ್, ಆದರೆ ಒಂದೇ ಗಡ್ಡೆಯಲ್ಲಿ ಎರಡು ಬಗೆ, ಎಂದರು ಡಾಕ್ಟರ್. ಒಂದು ಕಡೆ ಲಿವರಿನ ಜೀವಕೋಶದ ಹಾಗೆ ಕಾಣುತ್ತದೆ, ಇನ್ನೊಂದು ಕಡೆ ಪಿತ್ತನಾಳದ ಜೀವಕೋಶದ ಹಾಗೆ. ಅಪರೂಪದ್ದು. ಇದನ್ನು ಯಾವ ಗುಂಪಿಗೆ ಸೇರಿಸಬೇಕೆಂಬುದನ್ನು ಬಲ್ಲವರೇ ಮತ್ತೆ ಮತ್ತೆ ಬದಲಿಸಿದ್ದಾರೆ.

"ಎರಡು ಸೀಕು ಬಂದು ಸೇರ್ಕೊಂಡದ್ದಾ?" ಎಂದಿದ್ದಳು ಕೃತ್ತಿಕಾ.

"ಹಾಗೂ ಇರಬಹುದು. ಆದರೆ ಹೆಚ್ಚಿನ ಸಲ ಎರಡೂ ಒಂದೇ ತಾಯಿಕೋಶದಿಂದ ಕವಲೊಡೆದದ್ದು ಅಂತ ಈಗ ತುಂಬ ಜನ ಹೇಳುತ್ತಾರೆ. ಆ ಕೋಶ ಲಿವರೂ ಆಗಬಲ್ಲದು, ನಾಳವೂ ಆಗಬಲ್ಲದು. ಇನ್ನೂ ತೀರ್ಮಾನವಾಗಿಲ್ಲಮ್ಮಾ."

ಕೃಷ್ಣಸಾಮಿಯ ಕಿವಿಗೆ ಇದೊಂದೂ ಬೀಳಲಿಲ್ಲ. "ಯಾರ ಮನೆಯಿಂದ ಬಂತು, ಅದನ್ನ ಹೇಳಿ."

"ಇಂಥವರ ಮನೆಯಿಂದ ಅಂತ ಹೇಳೋಕಾಗಲ್ಲ. ಇವರ ಮೈಯೊಳಗೇ ಹುಟ್ಟಿದ್ದು."

ಅಷ್ಟು ಹೇಳಿದರೆ ಬಿಟ್ಟಾನೆಯೇ? ಹೆದರಿದವನಿಗೆ ಬೈಯಲು ಒಬ್ಬರು ಬೇಕು. ಹೊರಗೆ ಬಂದವನೇ ಭಾವಮೈದುನನ ಮೇಲೆ ಹರಿಹಾಯ್ದ. "ನಿಮ್ಮನೆ ಸೀಕನ್ನ ನನ್ ತಲೆಗೆ ಕಟ್ಟಿ ಕಳಿಸಿದ್ರಲ್ಲೋ!"

ದಂಡಪಾಣಿ ಅಕ್ಕನ ಮುಖ ನೋಡಿದ. "ನೀವಾಗಿ ಬಾ ಅನ್ನೋವರ್ಗೂ ನಿಮ್ಮ ಹೊಸ್ತಿಲು ತುಳಿಯೋಲ್ಲ ಭಾವಾ," ಎಂದು ಹೊರಟೇ ಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಅಕ್ಕ ತಮ್ಮಂದಿರ ಮಾತೆಲ್ಲ ಫೋನಿನಲ್ಲೇ, ಅದೂ ಕೃಷ್ಣಸಾಮಿ ಮಗ್ಗಕ್ಕೆ ಕೂತ ಹೊತ್ತು ನೋಡಿ.

*

ಮತ್ತೆ ಬೀದಿಯ ತುದಿಗೆ ಓಡಿದ ಕೃತ್ತಿಕಾಗೆ ಬೇವಿನ ಮರದ ಮರೆಯಲ್ಲಿ ದಂಡಪಾಣಿ ಕಂಡ. ಕಂಕುಳಲ್ಲಿ ಕಾಗದದ ಪೊಟ್ಟಣ. ಅತ್ತೂ ಅತ್ತೂ ಮುಖ ಊದಿಕೊಂಡಿತ್ತು.

"ಮಾಮಾ! ಇಲ್ಲಿ ಯಾಕ್ ನಿಂತಿದೀರಿ? ಬನ್ನಿ!"

"ಆಗ್ಲೇ ಬಂದೆ ಕಣಮ್ಮಾ, ಒಳಗೆ ಬರೋಕೆ ಕಾಲು ಬರ್ತಾ ಇಲ್ಲ. ನಿಮ್ಮಪ್ಪ ಒಂದ್ ಸಲ ಬಾ ಅನ್ಲಿ."

"ಅಮ್ಮ ಅಲ್ಲಿ ಮಲಗಿದಾಳೆ, ನಿಮ್ಗಿನ್ನೂ ರೋಷನಾ?"

ದಂಡಪಾಣಿ ಪೊಟ್ಟಣವನ್ನು ಅವಳ ಕೈಗಿಟ್ಟ. "ಇದನ್ನಾದ್ರೂ ಹೊದಿಸಿ. ಅಕ್ಕಾನೇ ಹೇಳಿದ್ದು. ಕೋಡಿ ನೀನೇ ತರ್ಬೇಕು, ಆದ್ರೆ ಭಾವನ ಕೈ ನೇಯ್ಗೆನೇ ಆಗಿರ್ಬೇಕು ಅಂದ್ಲು. ನೇಕಾರರ ಸೊಸೈಟಿ ಅಂಗಡೀಲಿ ಹುಡುಕಿ ಹುಡುಕಿ ತಂದೆ. ಅದಕ್ಕೇ ತಡ ಆಯ್ತು."

ಕೃತ್ತಿಕಾ ಓಡಿದಳು. ಅಪ್ಪನ ಮುಂದೆಯೇ ಪೊಟ್ಟಣ ಬಿಚ್ಚಿದಳು: ಗಿಳಿಹಸಿರು ಸೀರೆ, ಅರಿಶಿನದ ಬಣ್ಣದ ಅಂಚು. ಕೃಷ್ಣಸಾಮಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಹೆತ್ತವಳಿಗೆ ಮಗುವಿನ ಗುರುತು ಹೇಳಿಕೊಡಬೇಕೇ?

"ಇದು ನಾನ್ ನೇಯ್ದದ್ದು."

"ಮಾಮ ತಂದದ್ದಪ್ಪಾ. ಅಮ್ಮಾನೇ ಹೇಳಿ ತರ್ಸಿದ್ದು."

"ಈಗ ಹೇಳು ಕೃಷ್ಣಸಾಮಿ," ಎಂದಳು ರಾಮಾಯಿ. "ಇದು ಯಾರ ಮನೆ ಸೀರೆ?"

ಅವನು ಬರಿಗಾಲಲ್ಲೇ ಎದ್ದು ಬೀದಿಗೆ ನಡೆದ. ಬೇವಿನ ಮರದ ಹತ್ತಿರ ನಿಂತು ಕೃಷ್ಣಸಾಮಿ, "ಬಾಪ್ಪಾ... ನಿಮ್ಮಕ್ಕ ಕಾಯ್ತಾ ಇದಾಳೆ," ಎಂದದ್ದು ದಂಡಪಾಣಿಗೂ ಹಿಂದೆಯೇ ಬಂದ ಕೃತ್ತಿಕಾಗೂ ಅಷ್ಟೇ ಕೇಳಿಸಿತು.

ಒಳಗೆ ರಾಮಾಯಿ ಇಬ್ಬರನ್ನೂ ಗದರಿದಳು. "ಅಳೋದು ಆಮೇಲೆ. ಪೂರ್ತಿ ಬಿಚ್ಚಿ, ಮಡಿಸಿ ಹೊದಿಸ್ಬೇಕು. ಆಳಿಗೊಂದು ತುದಿ ಹಿಡೀರಿ."

ಪಡಸಾಲೆಯ ಆ ತುದಿಗೆ ಒಬ್ಬ, ಈ ತುದಿಗೆ ಒಬ್ಬ ನಿಂತು ಸೀರೆಯನ್ನು ಎಳೆದು ಹಿಡಿದರು. ನಡುವೆ ಕಾಮಾಕ್ಷಿಯಮ್ಮ. ಮಡಿಸಬೇಕಾದರೆ ಇಬ್ಬರೂ ನಡೆದು ಹತ್ತಿರ ಬರಲೇಬೇಕು. ಬಂದರು. ತುದಿಗೆ ತುದಿ ಸೇರಿತು, ಕೈಗೆ ಕೈ ತಾಗಿತು. ಹೊರಗೆ ಡ್ರೈವರ್ ಮತ್ತೆ ಹಾರ್ನ್ ಒತ್ತಿದ. ಇಬ್ಬರಲ್ಲಿ ಒಬ್ಬರೂ ಸೀರೆ ಬಿಡಲಿಲ್ಲ.