ಇವತ್ತು ಯಾವ ಜಗಳ

ಕಿಟಕಿಯ ಬೆಳಕು ನೆಲದ ಮೇಲೆ ಹರಡಿದ್ದ ಕೌದಿಯ ಅರ್ಧದವರೆಗೆ ಬಂದರೆ ಅದು ವಿಡಿಯೊ ತೆಗೆಯುವ ಹೊತ್ತು. ಸೊಸೆ ಮೊಬೈಲನ್ನು ದಾರದ ಡಬ್ಬಿಗೆ ಒರಗಿಸಿ, ಜಾರದಂತೆ ಮುಂದೆ ಕತ್ತರಿ ಇಟ್ಟಳು. ಕೌದಿಯ ಆ ತುದಿಯಲ್ಲಿ ಕೂತಿದ್ದ ಅತ್ತೆ ತಲೆ ಎತ್ತದೆ ಕೇಳಿದಳು.

"ಇವತ್ತು ಯಾವ ಜಗಳ?"

"ಗೊತ್ತಿಲ್ಲ ಅತ್ತೆ. ನೀವೇ ಏನಾದ್ರೂ ಹೇಳಿ."

"ನೀನು ಕೋಳಿಗೂಡಿನ ಬಾಗಿಲು ಹಾಕದೆ ಮಲಗಿದ್ದು?"

"ಅದು ಹೋದ ವಾರ ಆಯ್ತು."

"ದಾರ ದಂಡ ಮಾಡ್ತೀಯ ಅಂತ ಬೈಲಾ?"

"ಅದು ಎರಡು ಸಲ ಆಗಿದೆ. ಹಳೇ ಜಗಳಾನೇ ಬಿಸಿ ಮಾಡಿ ಬಡಿಸ್ತಿದ್ದೀರಿ ಅಂತ ಯಾರೋ ಕೆಳಗೆ ಬರೆದಿದ್ರು."

ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೈ ಮಡಿಲಿಗೆ ಹಾಕಿಕೊಂಡಳು. "ನಿಜವಾಗ್ಲೂ ಜಗಳ ಆಡ್ತಿದ್ದಾಗ ಇಷ್ಟು ಸುಸ್ತಾಗ್ತಿರ್ಲಿಲ್ಲ" ಎಂದಳು.

ಸೊಸೆಗೂ ಹಾಗೇ ಅನಿಸುತ್ತಿತ್ತು. ಆದರೆ ಹೇಳಲಿಲ್ಲ. ಹೇಳಿದರೆ ಇಬ್ಬರೂ ಹಾಗೇ ಕೂತುಬಿಡುತ್ತಾರೆ, ಬೆಳಕು ಸರಿದುಹೋಗುತ್ತದೆ.

ಇದಕ್ಕೆಲ್ಲ ಮೂಲ ಪಟ್ಟಣದಲ್ಲಿ ನಡೆದ ಒಂದು ದಿನದ ಕ್ಲಾಸು. ಸಣ್ಣ ಅಂಗಡಿಯವರು ಮೊಬೈಲಿನಲ್ಲಿ ಗಿರಾಕಿಗಳನ್ನು ಹುಡುಕಿಕೊಳ್ಳುವುದು ಹೇಗೆ ಎಂದು ಒಬ್ಬ ಮೇಡಂ ಹೇಳಿಕೊಟ್ಟಿದ್ದರು. ದೀಪ ಬೇಡ, ಕಿಟಕಿಯ ಬೆಳಕು ಸಾಕು. ನಿಮ್ಮ ಮಾಲನ್ನು ನೀವೇ ಹೊಗಳಬೇಡಿ, ಕೆಲಸ ಮಾಡುವ ಕೈ ತೋರಿಸಿ. ದಿನಾ ಒಂದೇ ಹೊತ್ತಿಗೆ ಹಾಕಿ, ಜನಕ್ಕೆ ರೂಢಿಯಾಗಬೇಕು. ಬರೆದವರಿಗೆಲ್ಲ ಉತ್ತರ ಕೊಡಿ, ಬೈದವರಿಗೂ ಕೊಡಿ. ಗಿರಾಕಿ ಅಂಗಡಿಗೆ ಬಂದು ಏನು ಕೇಳುತ್ತಾನೋ ಅದಕ್ಕೆ ಬ್ಲಾಗಿನಲ್ಲಿ ಉತ್ತರ ಬರೆದಿಡಿ. ಸೊಸೆ ಬಸ್ಸಿನಲ್ಲಿ ವಾಪಸು ಬರುವಾಗ ಇವನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಬಂದವಳೇ 'ಕೌದಿ ಒಗೆಯುವುದು ಹೇಗೆ' ಎಂದು ಬರೆದಳು, 'ಹಳೇ ಬಟ್ಟೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ' ಎಂದು ಬರೆದಳು. ಲಾರಿ ಓಡಿಸುವ ಗಂಡ ಎಲ್ಲೋ ದಾರಿಯಲ್ಲಿ ನಿಂತಾಗ ಓದಿ ಹೆಬ್ಬೆರಳು ಎತ್ತಿದ ಚಿತ್ರ ಕಳಿಸುತ್ತಿದ್ದ. ಬೇರೆಯವರು ಯಾರೂ ಓದಿದ ಹಾಗೆ ಕಾಣಲಿಲ್ಲ.

ಒಂದು ದಿನ ಕೈ ತೋರಿಸುವ ವಿಡಿಯೊದ ಕೊನೆಯನ್ನು ಕತ್ತರಿಸಲು ಮರೆತಳು. ಅದರಲ್ಲಿ ಅತ್ತೆಯ ದನಿ ಉಳಿದುಬಿಟ್ಟಿತ್ತು. "ಇದೇನೇ ಹೊಲಿಗೆ, ಕೋಳಿ ಕೆದರಿದ ಹಾಗಿದೆ." ಅದರ ಹಿಂದೆಯೇ ಸೊಸೆಯದು. "ನೀವೇ ತಾನೇ ಕಲಿಸಿದ್ದು, ನಿಮ್ಮ ಕೋಳೀನೇ ಕೇಳಿ." ಸಂಜೆಯೊಳಗೆ ಅದು ಎಲ್ಲೆಲ್ಲೋ ಹೋಯಿತು. ಕೌದಿ ಬೇಕೆಂದು ಕಂಡು ಕೇಳರಿಯದ ಊರುಗಳಿಂದ ಜನ ಬರೆದರು. ಮೇಡಂ ಫೋನ್ ಮಾಡಿ, "ಹಿಡಿದಿದ್ದನ್ನ ಬಿಡಬೇಡಿ. ಕೌದಿ ಯಾರು ಬೇಕಾದ್ರೂ ಮಾರ್ತಾರೆ. ಇಂಥ ಅತ್ತೆ ಸೊಸೆ ಎಲ್ಲಿ ಸಿಗ್ತಾರೆ?" ಎಂದರು.

ಅಂದಿನಿಂದ ಜಗಳ ಆಡುವುದೂ ಕೆಲಸದಲ್ಲಿ ಸೇರಿಕೊಂಡಿತು. ಹಸುವಿಗೆ ಹುಲ್ಲು ಹಾಕಿದ ಮೇಲೆ, ಅಡುಗೆಗೆ ಮುಂಚೆ.

ಪಕ್ಕದ ಅಂಗಡಿಯಲ್ಲಿ ಬೀಗ ರಿಪೇರಿ ಮಾಡುವವನು ಕಿಟಕಿಯಲ್ಲಿ ಮುಖ ತೂರಿಸಿದ. ಅವನನ್ನು ಊರೆಲ್ಲ ಬೀಗದಣ್ಣ ಎನ್ನುತ್ತಿತ್ತು. "ಏನಮ್ಮ, ಇನ್ನೂ ಶುರುವಾಗಿಲ್ವಾ? ನಿಮ್ಮ ದನಿ ಕೇಳಿದ ಮೇಲೇನೇ ನಾನು ಟೀ ಕುಡಿಯೋದು."

"ಬೆಳಕಿಗೆ ಅಡ್ಡ ನಿಂತಿದ್ದೀಯಲ್ಲಪ್ಪ, ಸರಿ" ಎಂದಳು ಅತ್ತೆ. "ಇವನ ಜೊತೆ ಆಡೋಣ್ವೇನೇ?"

"ಅಯ್ಯೋ, ನನಗೆ ಮನೇಲಿ ಬೇಕಾದಷ್ಟಿದೆ" ಎಂದು ಅವನು ತಲೆ ಹಿಂದಕ್ಕೆ ತೆಗೆದುಕೊಂಡ.

ಸೊಸೆ ಮೊಬೈಲ್ ಒತ್ತಿ ಬಂದು ತನ್ನ ತುದಿಯಲ್ಲಿ ಕೂತಳು. ಕೌದಿಯನ್ನು ಅವರು ಎರಡು ತುದಿಯಿಂದ ಹೊಲಿಯುತ್ತ ನಡುವಿಗೆ ಬರುತ್ತಿದ್ದರು. ಇಬ್ಬರೂ ಜಗಳ ಹುಡುಕುತ್ತ ನಾಲ್ಕು ಹೊಲಿಗೆ ಹಾಕಿದರು. ಆಮೇಲೆ ಅತ್ತೆಯೇ ಕನಿಕರಪಟ್ಟವಳಂತೆ ಹಿಂದಿನ ದಿನ ತಾನು ಹಾಕಿದ ಸಾಲನ್ನು ಎತ್ತಿ ಮೊಬೈಲಿಗೆ ಹಿಡಿದಳು.

"ನೋಡ್ರಪ್ಪ ಎಲ್ಲರೂ. ಕಣ್ಣು ಮಂಜಾದ ಮುದುಕಿ ಹಾಕಿದ್ದು. ನೇರ ಅಂದ್ರೆ ಇದು. ಇವಳದನ್ನೂ ನೋಡಿ, ಇದನ್ನೂ ನೋಡಿ."

ಸೊಸೆಯ ತಲೆ ಖಾಲಿಯಾಗಿತ್ತು. ಏನಾದರೂ ತಿರುಗಿಸಿ ಅನ್ನಬೇಕು, ಬೇಗ ಅನ್ನಬೇಕು ಎಂಬುದಷ್ಟೇ ಇತ್ತು.

"ಅದೂ ನಂದೇ" ಎಂದಳು. "ಮಧ್ಯಾಹ್ನ ನೀವು ಮಲಗಿದಾಗ ನಿಮ್ಮದನ್ನೆಲ್ಲ ಬಿಚ್ಚಿ ನಾನೇ ಹಾಕ್ತೀನಿ. ದಿನಾ."

ಬಾಯಿಂದ ಬಿದ್ದ ಮೇಲೆ ತಾನು ಏನು ಅಂದುಬಿಟ್ಟೆನೆಂದು ಗೊತ್ತಾಯಿತು. ಅತ್ತೆಯ ಕೈಯಲ್ಲಿದ್ದ ಬಟ್ಟೆ ಸ್ವಲ್ಪ ಕೆಳಗಿಳಿಯಿತು. ಆಮೇಲೆ ಅವಳು ಮೊಬೈಲಿನ ಕಡೆ ನೋಡಿ, "ಹಾಗಾದ್ರೆ ನಾನು ಹೊಲಿದಿದ್ದೆಲ್ಲ ಎಲ್ಲಿ ಹೋಯ್ತು, ನಿನ್ನ ಹೊಟ್ಟೆಗಾ?" ಎಂದಳು. ಕಿಟಕಿಯ ಆಚೆ ಬೀಗದಣ್ಣ ನಕ್ಕಿದ್ದು ಕೇಳಿಸಿತು.

ಅತ್ತೆ ಅದನ್ನು ಆಟವೆಂದೇ ತಿಳಿದಳು ಎಂದು ಸೊಸೆ ಸಮಾಧಾನ ಮಾಡಿಕೊಂಡಳು. ಹೊತ್ತಾಗಿತ್ತು. ವಿಡಿಯೊ ಹಾಕಿ ಅಡುಗೆಗೆ ಎದ್ದಳು.

ಊಟ ಮುಗಿದರೂ ಅತ್ತೆ ಅಂದು ಮಲಗಲಿಲ್ಲ. ಸೊಸೆ ಪಾತ್ರೆ ತೊಳೆದು ಬಂದಾಗ ಅವಳು ಕೌದಿಯನ್ನು ಮಗುಚಿ ಮಡಿಲಿಗೆ ಎಳೆದುಕೊಂಡು, ಸಾಲಿನ ಪಕ್ಕದಲ್ಲಿ ಹೆಬ್ಬೆರಳಿನ ಉಗುರು ಆಡಿಸುತ್ತಿದ್ದಳು. ಬಿಗಿ ನೇಯ್ಗೆಯ ಬಟ್ಟೆ. ಸೂಜಿ ಒಮ್ಮೆ ಹೊಕ್ಕ ಕಡೆ ತೂತು ಬೇಗ ಮುಚ್ಚುವುದಿಲ್ಲ. ಹೊಸ ಹೊಲಿಗೆಯ ಆಚೀಚೆ ದಾರವಿಲ್ಲದ ತೂತುಗಳು ಅಡ್ಡಾದಿಡ್ಡಿಯಾಗಿ ನಡೆದುಹೋಗಿದ್ದವು. ಕಣ್ಣಿಗೆ ಕಾಣದ್ದು ಉಗುರಿಗೆ ಸಿಗುತ್ತಿತ್ತು.

"ನಿಜಾನಾ?"

"ತಮಾಷೆಗೆ ಅಂದೆ ಅತ್ತೆ."

"ತಮಾಷೆಗೆ ತೂತು ಬೀಳುತ್ತಾ?"

ಸೊಸೆ ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು. ಒರೆಸಿ ಆದ ಮೇಲೂ ಒರೆಸುತ್ತಲೇ ಇದ್ದಳು.

"ಯಾವಾಗಿಂದ?"

"ಚಳಿ ಶುರುವಾದಾಗಿಂದ. ಕೌದಿ ತಗೊಂಡವರೊಬ್ಬರು ಬರೆದಿದ್ರು, ಒಂದು ಮೂಲೇಲಿ ಹೊಲಿಗೆ ಬಿಟ್ಕೊಂಡಿದೆ ಅಂತ."

"ನನಗೆ ಹೇಳೋಕೆ ಬಾಯಿರ್ಲಿಲ್ವಾ? ದಿನಾ ಊರಿಗೆಲ್ಲ ಕೇಳೋ ಹಾಗೆ ಜಗಳ ಆಡ್ತೀಯ."

"ಅದೊಂದು ಜಗಳ ಆಡೋಕೆ ಆಗ್ಲಿಲ್ಲ."

ಅತ್ತೆ ಮತ್ತೆ ಆ ತೂತುಗಳ ಮೇಲೆ ಉಗುರು ಆಡಿಸಿದಳು. ಗಂಡ ಹೋದ ಮೇಲೆ ಈ ಕೋಣೆಯಲ್ಲಿ ಕೂತು ಹೊಲಿದೇ ಮಗನನ್ನು ಸಾಕಿದವಳು. ಸೊಸೆಗೆ ಸೂಜಿ ಹಿಡಿಯುವುದನ್ನು ಕಲಿಸಿದವಳೂ ಅವಳೇ.

"ವಿಡಿಯೊ ಅಳಿಸಿಬಿಡ್ತೀನಿ" ಎಂದಳು ಸೊಸೆ.

"ಅಳಿಸಿದ್ರೆ ನನಗೆ ಗೊತ್ತಿಲ್ಲದ ಹಾಗಾಗುತ್ತಾ?" ಎಂದು ಅತ್ತೆ ಕೌದಿಯನ್ನು ಮೊದಲಿದ್ದ ಹಾಗೆ ಹರಡಿ ಎದ್ದುಹೋದಳು. ಸೊಸೆ ಆದರೂ ಅಳಿಸಿದಳು. ಅಷ್ಟರಲ್ಲಿ ಯಾರು ಯಾರೋ ಇಳಿಸಿಕೊಂಡು ಬೇರೆಯವರಿಗೆ ಕಳಿಸಿಯಾಗಿತ್ತು. 'ಸೊಸೆ ಸರಿಯಾಗಿ ಕೊಟ್ಟಳು' ಎಂದು ಜನ ನಗುತ್ತಿದ್ದರು.

ಮರುದಿನ ಬೆಳಕು ಕೌದಿಯ ಅರ್ಧಕ್ಕೆ ಬಂತು, ಅರ್ಧ ದಾಟಿತು. ಅತ್ತೆ ಹಿತ್ತಲ ಹೊಸ್ತಿಲ ಮೇಲೆ ಕೂತು ಕೋಳಿಗಳಿಗೆ ಕಾಳು ಹಾಕುತ್ತಿದ್ದಳು. ಅವು ಸಾಕಾಗಿ ಎದ್ದುಹೋದರೂ ಕೂತೇ ಇದ್ದಳು. ಸೊಸೆ ಒಬ್ಬಳೇ ಹೊಲಿದಳು. ಆ ತುದಿಯಲ್ಲಿ ಹಿಡಿಯುವವರಿಲ್ಲದೆ ಬಟ್ಟೆ ಸೂಜಿಯ ಹಿಂದೆಯೇ ಬಂದು ನಡುವೆ ಸುಕ್ಕು ಕಟ್ಟುತ್ತಿತ್ತು. ಎದ್ದು ಆ ಕಡೆ ಹೋಗಿ ಎಳೆಯುವುದು, ಬಂದು ಕೂರುವುದು, ಮತ್ತೆ ಏಳುವುದು. ಸೊಂಟ ಹಿಡಿದುಕೊಂಡಿತು. ಕರೆಯೋಣವೆಂದು ಬಾಯಿ ತೆರೆದಳು. ಏನೆಂದು ಕರೆಯುವುದು ಎಂದು ತಿಳಿಯದೆ ಮತ್ತೆ ಬಟ್ಟೆ ಎಳೆಯಲು ಎದ್ದಳು.

"ಏನಮ್ಮ, ಇವತ್ತು ಸದ್ದಿಲ್ಲ" ಎಂದು ಬೀಗದಣ್ಣನ ದನಿ ಬಂತು. "ನನ್ನ ಟೀ ಆರಿಹೋಗ್ತಿದೆ."

ಆಮೇಲೆ ಅವನು ಕೀಲಿಕೈಗೆ ಅರ ಉಜ್ಜುವ ಸದ್ದು ಶುರುವಾಯಿತು.

ಮಧ್ಯಾಹ್ನ ಮಲಗುವ ಹೊತ್ತಿಗೆ ಅತ್ತೆ ಒಳಗೆ ಬಂದಳು. ಬಾಗಿಲಲ್ಲೇ ನಿಂತು ಕೌದಿಯನ್ನು ನೋಡಿದಳು. ಸುಕ್ಕು ದೊಡ್ಡದಾಗಿದ್ದರಿಂದ ಅವಳ ಕಣ್ಣಿಗೂ ಕಂಡಿತು.

"ಎಳೀತಿದೆಯಲ್ಲೇ ಒಂದು ಕಡೆಗೆ."

"ಹೂಂ ಅತ್ತೆ."

ಅತ್ತೆ ಮೊಣಕಾಲು ಹಿಡಿದು ನಿಧಾನಕ್ಕೆ ತನ್ನ ತುದಿಯಲ್ಲಿ ಕೂತಳು. ಸೂಜಿ ಮುಟ್ಟಲಿಲ್ಲ.

"ನಿನ್ನೆ ಬೆಳಿಗ್ಗೆ ನಾನು ಹಾಕಿದ್ದು ಹಾಗೇ ಇದೆಯಲ್ಲ? ನಿನ್ನೆ ನಾನು ಮಲಗಲೇ ಇಲ್ಲ."

"ಹಾಗೇ ಇದೆ."

"ಬಾ ಈ ಕಡೆ. ಬಿಚ್ಚು. ನನ್ನ ಎದುರಿಗೇ ಬಿಚ್ಚು."

ಸೊಸೆ ಕತ್ತರಿ ತಂದು ಪಕ್ಕದಲ್ಲಿ ಕೂತಳು. ಅತ್ತೆ ಎರಡೂ ಕೈಯಿಂದ ಬಟ್ಟೆಯನ್ನು ಬಿಗಿಯಾಗಿ ಹಿಡಿದಳು. ಸೂಜಿಗೆ ದಾರ ಪೋಣಿಸಲು ಆಗದ ಕೈಗೆ ಹಿಡಿಯುವುದು ಇನ್ನೂ ಬರುತ್ತಿತ್ತು, ಬಟ್ಟೆ ಅಲ್ಲಾಡಲಿಲ್ಲ. ಸೊಸೆ ಒಂದೊಂದೇ ಹೊಲಿಗೆ ಕತ್ತರಿಸಿ ದಾರ ಎಳೆದಳು. ಬಂದ ದಾರವನ್ನು ಅತ್ತೆ ಬೆರಳಿಗೆ ಸುತ್ತಿಕೊಳ್ಳುತ್ತ ಹೋದಳು.

"ಈ ಮೂಲೇದು ಪರವಾಗಿಲ್ಲ ಅಲ್ವಾ?" ಎಂದು ಕೇಳಿದಳು. "ಇದನ್ನ ಹಾಕುವಾಗ ಬೆಳಕು ಚೆನ್ನಾಗಿತ್ತು."

ಸೊಸೆ ಬಗ್ಗಿ ನೋಡಿದಳು. ಹೂಂ ಎಂದುಬಿಡಬಹುದಿತ್ತು.

"ಇಲ್ಲ ಅತ್ತೆ. ಅದೂ ಇಲ್ಲ."

ಅತ್ತೆ ಸ್ವಲ್ಪ ಹೊತ್ತು ಆ ಮೂಲೆಯ ಮೇಲೆ ಬೆರಳಿಟ್ಟುಕೊಂಡೇ ಇದ್ದಳು. ಆಮೇಲೆ ಬೆರಳು ತೆಗೆದಳು.

"ಬಿಚ್ಚು ಹಾಗಾದ್ರೆ."

ಡಬ್ಬಿಯ ಪಕ್ಕದಲ್ಲಿ ಮೊಬೈಲ್ ಬೆಳಿಗ್ಗೆಯಿಂದ ಗುಯ್‌ಗುಡುತ್ತಲೇ ಇತ್ತು. ಸೊಸೆ ಅದನ್ನು ಎತ್ತಿಕೊಂಡಳು. "ಇವತ್ತಿನ ಜಗಳ ಎಲ್ಲಿ ಅಂತ ಕೇಳ್ತಿದ್ದಾರೆ. ಎಲ್ಲರಿಗೂ ಉತ್ತರ ಕೊಡಬೇಕು ಅಂದಿದ್ರು ಮೇಡಂ."

"ಬಿಡುವು ಅಂತ ಬರಿ."

"ಎಷ್ಟು ದಿನ ಅಂತ ಕೇಳಿದ್ರೆ?"

"ನಾವೇನು ಕೌದಿ ಮಾರ್ತೀವೋ ಬಾಯಿ ಮಾರ್ತೀವೋ ಕೇಳು" ಎಂದಳು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. ತಿರುಗಿ ತಾನೇ, "ಬೇಡ, ಹಾಗೆ ಬರೀಬೇಡ. ಅದನ್ನೂ ಜಗಳ ಅಂದ್ಕೊಂಡು ನಗ್ತಾರೆ" ಎಂದಳು.

ಸೊಸೆ 'ಬಿಡುವು' ಎಂದಷ್ಟೇ ಬರೆದು ಮೊಬೈಲನ್ನು ಮಗುಚಿ ಇಟ್ಟು, ಕತ್ತರಿ ಕೈಗೆತ್ತಿಕೊಂಡಳು. ಅತ್ತೆ ಬಟ್ಟೆಯನ್ನು ಮತ್ತೆ ಬಿಗಿಯಾಗಿ ಹಿಡಿದಳು.