ಹಸಿರು ದೀಪ ಉರಿಯುತ್ತಲೇ ಇತ್ತು

ನಾನು ಹುಟ್ಟಿದ್ದು ಒಂದು ಕಣ ಧೂಳೂ ಸುಳಿಯದ ಕೋಣೆಯಲ್ಲಿ, ಬಾಳಿದ್ದು ಗದುಗಿನ ಧೂಳಿನಲ್ಲಿ. ನಾನೊಂದು ಹಾರ್ಡ್ ಡಿಸ್ಕ್. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವ ಜಾತಿಯವನಲ್ಲ; ಹೊರಗೆ ಮೇಜಿನ ಮೇಲೆ, ಇಟ್ಟಿಗೆಯಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಳಗೆ ಇರುವವನು. ನನಗೆ ಎರಡು ತಂತಿಗಳು. ಒಂದು ಗೋಡೆಯಿಂದ ಕರೆಂಟು ತರುತ್ತದೆ, ಇನ್ನೊಂದು ಕಂಪ್ಯೂಟರಿನಿಂದ ಮಾತು ತರುತ್ತದೆ. ಕರೆಂಟು ಬಂದರೆ ಸಾಕು, ನನ್ನ ಮುಂದಿನ ಹಸಿರು ದೀಪ ಹತ್ತಿಕೊಳ್ಳುತ್ತದೆ. ಮಾತು ಬಂತೋ ಇಲ್ಲವೋ ಎಂಬುದು ಆ ದೀಪಕ್ಕೆ ಗೊತ್ತಿಲ್ಲ.

ಹುಬ್ಬಳ್ಳಿಯ ಅಂಗಡಿಯ ಗಾಜಿನ ಕಪಾಟಿನಲ್ಲಿ ಬೆಪ್ಪನ ಹಾಗೆ ಕೂತಿದ್ದ ನನ್ನನ್ನು ಕೊಂಡವರು ಇಟಗಿ ಸರ್. ಗದುಗಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾ ಅಲ್ಲಿಯ ಸಣ್ಣ ರೇಡಿಯೊ ಕೇಂದ್ರವನ್ನೂ ನೋಡಿಕೊಳ್ಳುವವರು. ಬಸ್ಸಿನಲ್ಲಿ ನನ್ನನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ಅಣ್ಣಿಗೇರಿಯ ಹತ್ತಿರ ಬಸ್ಸು ಕುಲುಕಿದಾಗ ಎರಡೂ ಕೈಯಿಂದ ಹಿಡಿದುಕೊಂಡರು. ಅಷ್ಟು ಅಕ್ಕರೆ ನನಗೆ ಆಮೇಲೆ ಸಿಗಲಿಲ್ಲ.

ಕೇಂದ್ರವೆಂದರೆ ಒಂದೇ ಕೋಣೆ. ಅಲ್ಲೇ ಮೈಕು, ಅಲ್ಲೇ ಮೇಲ್ ಸರ್ವರ್. ಯಂತ್ರಗಳ ಜವಾಬ್ದಾರಿ ಕಸ್ತೂರಿ ಹಾದಿಮನಿಯದು. ಅವಳದು ಚುರುಕು ಕೈ, ಇನ್ನೂ ಚುರುಕು ಬಾಯಿ. ಕೇಳುಗರು ಕಳಿಸುವ ಇ-ಮೇಲುಗಳನ್ನೆಲ್ಲ ಹಿಡಿದಿಡುವುದು ಸರ್ವರಣ್ಣನ ಕೆಲಸ. ಅವನಿಗೆ ಇನ್ನೊಂದು ಚಟವೂ ಇತ್ತು. ಏನು ಬಂತು, ಏನು ಹೋಯಿತು, ಎಲ್ಲಿ ಎಡವಟ್ಟಾಯಿತು ಎಂದು ಒಂದನ್ನೂ ಬಿಡದೆ ಬರೆದುಕೊಳ್ಳುವುದು. ಆ ಬರಹಕ್ಕೆ ಲಾಗ್ ಎನ್ನುತ್ತಾರೆ. ಅವನು ಬರೆಯುತ್ತಿದ್ದ, ಯಾರೂ ಓದುತ್ತಿರಲಿಲ್ಲ. ದಿನಾ ಸಂಜೆ ಬಂದ ಮೇಲುಗಳ ನಕಲನ್ನು ನನ್ನೊಳಗೆ ಸುರಿಯುತ್ತಿದ್ದ. ಅವನಿಗೆ ಏನಾದರೂ ಆದರೆ ನಾನಿದ್ದೇನೆ ಎಂಬುದು ಎಲ್ಲರ ಧೈರ್ಯ. ಅದಕ್ಕೆ ನನಗೆ ಸ್ವಲ್ಪ ಹಮ್ಮೂ ಇತ್ತು.

ಹೀಗಿರುವಾಗ ಖಂಡೇನವಮಿ ಬಂತು, ಆಯುಧಗಳನ್ನು ಪೂಜಿಸುವ ಹಬ್ಬ. ನಿಮ್ಮ ದುಡಿಮೆಯ ಸದ್ದು ಕಳಿಸಿ ಎಂದು ಇಟಗಿ ಸರ್ ರೇಡಿಯೊದಲ್ಲಿ ಕೇಳಿಕೊಂಡಿದ್ದರು. ಮಗ್ಗದ ಲಾಳಿ, ಚಮ್ಮಾರರ ಸುತ್ತಿಗೆ, ಗಿರಣಿಯ ತಿರುಗುವ ಪಟ್ಟಿ, ಹೀಗೆ ಮೇಲಿನ ಮೇಲೆ ಮೇಲು ಬಂದವು. ಹಬ್ಬದ ದಿನ ಯಂತ್ರಗಳಿಗೆ ಪೂಜೆ. ಸರ್ವರನ್ನು ಅಲುಗಾಡಿಸುವ ಹಾಗಿರಲಿಲ್ಲ, ನನ್ನ ತಂತಿ ಬಿಚ್ಚಿ ಮಣೆಯ ಮೇಲಿಟ್ಟರು.

“ಇದಕ್ಕ ಎರಡು ಹೂವು ಜಾಸ್ತಿ ಏರಿಸ್ರಿ. ನಮ್ಮದೆಲ್ಲಾ ಇದರಾಗ ಐತಿ” ಎಂದರು ಇಟಗಿ ಸರ್.

ಹಣೆಗೆ ಕುಂಕುಮ, ತಲೆಯ ಮೇಲೆ ಶಾವಂತಿಗೆ. ಎಲ್ಲರೂ ಅಕ್ಷತೆ ಹಾಕಿದರು. ನಾನು ಉಬ್ಬಿಹೋದೆ. ಬೆನ್ನ ಹಿಂದೆ ಮಾತಿನ ತಂತಿ ಸಿಕ್ಕಿಸುವ ಕಿಂಡಿಯಲ್ಲಿ ಏನೋ ಕಚಗುಳಿಯಾಯಿತು. ಒಂದು ಅಕ್ಷತೆ ಕಾಳು ಒಳಗೆ ಹೋಗಿತ್ತು. ಆಶೀರ್ವಾದ ಎಂದುಕೊಂಡು ಸುಮ್ಮನಿದ್ದೆ.

ಬನ್ನಿ ಹಂಚಿದ ಮರುದಿನ ಕಸ್ತೂರಿ ತಂತಿಗಳನ್ನು ಮತ್ತೆ ಸಿಕ್ಕಿಸಿದಳು. ಮಾತಿನ ತಂತಿ ಕಾಳಿಗೆ ತಾಗಿ ಪೂರ್ತಿ ಒಳಗೆ ಹೋಗಲೇ ಇಲ್ಲ. ಅವಳು ನೋಡಿದ್ದು ದೀಪವನ್ನು.

“ಹತ್ತೇತಿ” ಎಂದು ಹೇಳಿ ಚಹಾ ಕುಡಿಯಲು ಹೋದಳು.

ಅಂದು ಸಂಜೆ ಸರ್ವರಣ್ಣ ನನ್ನನ್ನು ಹುಡುಕಿದ. ಸಿಗಲಿಲ್ಲ. ‘ಡಿಸ್ಕ್ ಸಿಗುತ್ತಿಲ್ಲ’ ಎಂದು ಲಾಗಿನಲ್ಲಿ ಬರೆದ. ಮತ್ತೆ ಮತ್ತೆ ಹುಡುಕಿದ, ಮತ್ತೆ ಮತ್ತೆ ಬರೆದ. ನಾನು ಅವನ ಪಕ್ಕದಲ್ಲೇ ದೀಪ ಉರಿಸಿಕೊಂಡು ಕೂತಿದ್ದೆ.

ಆ ವಾರವೇ ಫಕ್ಕೀರಪ್ಪ ಕಮ್ಮಾರರ ದನಿ ಬಂತು. ಬಸ್ ನಿಲ್ದಾಣದ ಮೈಕಿನಲ್ಲಿ ವರ್ಷಗಟ್ಟಲೆ ಬಸ್ಸುಗಳ ಊರು ಕೂಗಿ ನಿವೃತ್ತರಾದವರು. ಈಗ ಗಂಟಲಲ್ಲಿ ಗಡ್ಡೆ. ಆಪರೇಷನ್ ಆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಆಸ್ಪತ್ರೆಗೆ ಹೋಗುವ ಮುಂಚೆ ಝೆರಾಕ್ಸ್ ಅಂಗಡಿಯೊಂದರಲ್ಲಿ ಒಬ್ಬರೇ ಕೂತು ದನಿ ಹಿಡಿಸಿ, ಅಂಗಡಿಯವನಿಂದಲೇ ಕಳಿಸಿದ್ದರು. ಗಿರಾಕಿಗಳದ್ದನ್ನು ಅವನು ಇಟ್ಟುಕೊಳ್ಳುವವನಲ್ಲ, ಅಂದೇ ಅಳಿಸಿದ್ದ.

ಕಸ್ತೂರಿ ಅದನ್ನು ಜೋರಾಗಿ ಹಾಕಿದಳು. ಮೊದಲು ಒಂದು ಕೆಮ್ಮು. ಆಮೇಲೆ, “ನನ್ನ ಹತ್ರ ಸುತ್ತಿಗಿ ಇಲ್ರೀ, ಲಾಳಿ ಇಲ್ರೀ. ನನ್ನ ಆಯುಧ ಇದ.” ಅಲ್ಲಿಂದ ಡಂಬಳ, ಮುಂಡರಗಿ, ರೋಣ, ಗಜೇಂದ್ರಗಡ ಎಲ್ಲ ಒಂದೊಂದಾಗಿ ಹೊರಟವು. ಇಟಗಿ ಸರ್ ನಕ್ಕರು. ಕೊನೆಗೆ ಆ ದನಿ ಸ್ವಲ್ಪ ತಡೆದು, ಕಳೆದುಹೋದವರನ್ನು ಕರೆಯುವ ಧಾಟಿಯಲ್ಲಿ ಹೇಳಿತು: “ಅನಸೂಯಾ ಫಕ್ಕೀರಪ್ಪ ಕಮ್ಮಾರ ಎಂಬವರು ಎಲ್ಲಿದ್ದರೂ ವಿಚಾರಣಾ ಕೊಠಡಿಗೆ ಬರಬೇಕು. ಅವರ ತಂದೆಯವರು ಕಾಯುತ್ತಿದ್ದಾರೆ.” ಕೋಣೆಯಲ್ಲಿ ಯಾರೂ ನಗಲಿಲ್ಲ. ಕಸ್ತೂರಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮಗಳು ಅನಸೂಯಾ ಫೋನು ಮಾಡಿ, ಅಪ್ಪ ಮನೆಗೆ ಬಂದ ಮೇಲೆ ಪ್ರಸಾರ ಮಾಡಿ, ಅವರೂ ಕೇಳಲಿ ಎಂದಳು. ಹಾಗಾಗಿ ಅದನ್ನು ಕಾದಿಟ್ಟರು. ದನಿಯ ಕೊನೆಯಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಕಸ್ತೂರಿಯೂ ಹೇಳಲಿಲ್ಲ, ರೇಡಿಯೊದಲ್ಲೇ ಕೇಳಲಿ ಎಂದು.

ದೀಪಾವಳಿಯ ಹೊತ್ತಿಗೆ ಸರ್ವರಣ್ಣನ ಹೊಟ್ಟೆ ತುಂಬಿತು. ಕೇಳುಗರ ಸದ್ದುಗಳು ಒಂದು ಕಡೆ, ನನ್ನನ್ನು ಹುಡುಕಿ ಹುಡುಕಿ ಬರೆದ ಲಾಗು ಇನ್ನೊಂದು ಕಡೆ. ಹೊಸ ಮೇಲುಗಳು ವಾಪಸು ಹೋಗತೊಡಗಿದವು. ಕಸ್ತೂರಿ ಮೊದಲು ಲಾಗನ್ನು ಅಳಿಸಿದಳು, ಓದದೆ. ನನ್ನ ವಿಷಯ ಬರೆದಿದ್ದುದು ಅಲ್ಲೊಂದೇ ಕಡೆ. ಆದರೂ ಜಾಗ ಸಾಲಲಿಲ್ಲ.

“ಸರ್, ದೊಡ್ಡ ದೊಡ್ಡ ಆಡಿಯೊ ತಗದ್ರ ಹಗುರ ಆಗತೈತಿ. ಆದ್ರ ಫಕ್ಕೀರಪ್ಪ ಕಾಕಾರದೂ ಅದರಾಗ ಐತ್ರಿ.”

“ಡಿಸ್ಕಿನ್ಯಾಗ ನಕಲು ಐತಲ್ಲವಾ. ದೀಪ ಹತ್ತೇತಿ ನೋಡು.”

ಇಬ್ಬರೂ ನನ್ನ ಕಡೆ ತಿರುಗಿದರು. ನನಗೆ ಬೇಕಾಗಿದ್ದು ಒಂದೇ, ಆ ದೀಪ ಆರುವುದು. ಆರಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ನಾಚಿಕೆಗೆಟ್ಟವನ ಹಾಗೆ ಹೊಳೆಯುತ್ತಾ ಕೂತೆ. ಅವಳು ನಂಬಿದಳು, ಅಳಿಸಿದಳು. ಖಾಲಿಯಾದ ಜಾಗದ ಮೇಲೆ ಅಂದೇ ಹೊಸ ಮೇಲುಗಳು ಬಂದು ಕೂತವು.

ಫಕ್ಕೀರಪ್ಪ ಬಂದದ್ದು ಕೆಲವು ದಿನಗಳ ನಂತರ. ಕೊರಳಿಗೆ ಬಿಳಿ ಪಂಚೆಯ ತುಂಡು ಸುತ್ತಿದ್ದರು, ಉಸಿರಾಡಿದಾಗ ಅದರ ಅಡಿಯಲ್ಲಿ ಸುಯ್ ಎನ್ನುತ್ತಿತ್ತು. ಅವರ ಜೊತೆ ಅನಸೂಯಾ.

“ಅಪ್ಪಗ ತನ್ನ ದನಿ ಕೇಳಬೇಕಂತ್ರೀ ಅಕ್ಕಾರ” ಎಂದಳು.

ಕಸ್ತೂರಿ ನಗುತ್ತಲೇ ನನ್ನನ್ನು ತೆರೆಯಲು ಹೋದಳು. ತೆರೆಯಲಿಲ್ಲ. ತಂತಿ ಕಿತ್ತು ನೋಡಿದಳು, ಪಿನ್ನಿನಿಂದ ಕಿಂಡಿ ಕೆದಕಿದಳು. ಅವಳ ಅಂಗೈಗೆ ಅರಿಸಿನ ಹಚ್ಚಿದ ಒಂದು ಅಕ್ಕಿ ಕಾಳು ಬಿತ್ತು. ಮತ್ತೆ ತಂತಿ ಸಿಕ್ಕಿಸಿದಾಗ ನಾನು ತೆರೆದುಕೊಂಡೆ. ಖಂಡೇನವಮಿಯ ಹಿಂದಿನ ದಿನದವರೆಗೆ ಎಲ್ಲವೂ ಇತ್ತು. ಆಮೇಲಿನದು ಒಂದೂ ಇರಲಿಲ್ಲ.

ಅವಳು ನೆಲದ ಮೇಲೆ ಕೂತುಬಿಟ್ಟಳು. “ನಾನ ಅಳಿಸೀನಿ ಕಾಕಾ. ಈ ಕೈಲೆ ಅಳಿಸೀನಿ.”

“ನಾನ ಹೇಳಿದ್ದು” ಎಂದರು ಇಟಗಿ ಸರ್, ಮೆಲ್ಲಗೆ. ಅಕ್ಷತೆ ಹಾಕಿದವರಲ್ಲಿ ಅವರೂ ಒಬ್ಬರು.

“ಬರೇ ಬಸ್ಸಿನ ಹೆಸರಲ್ರೀ, ಹೋಗ್ಲಿ ಬಿಡ್ರಿ” ಎಂದಳು ಅನಸೂಯಾ, ಸಮಾಧಾನಕ್ಕೆ.

“ಬರೇ ಬಸ್ಸಲ್ಲಕ್ಕಾ” ಎಂದಳು ಕಸ್ತೂರಿ. “ಕಡೀಕ ನಿಮ್ಮನ್ನ ಕರದಿದ್ರು. ಎಲ್ಲಿದ್ದರೂ ಬರಬೇಕು, ನಿಮ್ಮ ತಂದಿ ಕಾಯಾಕತ್ತಾರ ಅಂತ.”

ಅನಸೂಯಾ ತಂದೆಯ ಮುಖ ನೋಡಿದಳು. “ಸಾಲಿ ಬಿಟ್ಟ ಮ್ಯಾಲೆ ನಾ ನಿಲ್ದಾಣದಾಗ ಆಡ್ಕೋತ ಇರ್ತಿದ್ದೆ. ಊಟಕ್ಕ ಹಂಗ ಮೈಕಿನ್ಯಾಗ ಕರೀತಿದ್ದ” ಎಂದಳು. ಫಕ್ಕೀರಪ್ಪ ನೆಲ ನೋಡುತ್ತಿದ್ದರು. ನನ್ನ ದೀಪ ಆಗಲೂ ಉರಿಯುತ್ತಿತ್ತು.

ಫಕ್ಕೀರಪ್ಪನವರ ದನಿ ಯಾರ ಬಳಿಯಾದರೂ ಇದ್ದರೆ ಕಳಿಸಿ ಎಂದು ಕಸ್ತೂರಿ ರೇಡಿಯೊದಲ್ಲಿ ಬೇಡಿಕೊಂಡಳು. ಜನ ಕಳಿಸಿದರು. ದಿಬ್ಬಣ ಬಸ್ಸು ಹತ್ತುವ ವಿಡಿಯೊದ ಹಿಂದೆ ಒಂದು ‘ನರಗುಂದ’, ಯಾರದೋ ಕೂಸಿನ ನಗುವಿನ ಹಿಂದೆ ಅರ್ಧ ‘ಗಜೇಂದ್ರ’. ಮಗಳ ಹೆಸರು ಯಾರ ಬಳಿಯೂ ಇರಲಿಲ್ಲ. ಆ ದನಿಯನ್ನು ನಾನು ಕಿವಿಯಾರೆ ಕೇಳಿದ್ದೆ. ಆದರೆ ಕೇಳಿದ್ದನ್ನು ಬರೆದಿಟ್ಟುಕೊಳ್ಳುವ ಶಕ್ತಿ ನನಗಿಲ್ಲ, ತಂತಿಯಲ್ಲಿ ಬಂದದ್ದು ಮಾತ್ರ ನನ್ನದು.

ನನ್ನನ್ನು ಮತ್ತೆ ನಂಬುವ ಧೈರ್ಯ ಯಾರಿಗೂ ಇರಲಿಲ್ಲ, ಹೊಸ ಡಿಸ್ಕ್ ಬಂತು. ನಾನು ಅದೇ ಕೋಣೆಯ ತೆರೆದ ಕಪಾಟು ಸೇರಿದೆ. ಮರುವರ್ಷದ ದಸರೆಯಲ್ಲಿ ಫಕ್ಕೀರಪ್ಪ ಮಗಳೊಂದಿಗೆ ಬನ್ನಿ ಕೊಡಲು ಬಂದರು. ಕಸ್ತೂರಿ ಕೈ ಚಾಚಲು ಹಿಂಜರಿದಳು. ಅವರೇ ಅವಳ ಅಂಗೈ ಬಿಡಿಸಿ ಎಲೆ ಇಟ್ಟರು. ತುಟಿಗಳು ಸದ್ದಿಲ್ಲದೆ ಆಡಿದವು.

“ಬಂಗಾರದಂಗ ಇರೂಣು ಅಂತಾನ್ರಿ” ಎಂದಳು ಅನಸೂಯಾ.

ಆಮೇಲೆ ಅವರು ಕಸ್ತೂರಿಯ ರಟ್ಟೆ ಹಿಡಿದು ಮೈಕಿನ ಮುಂದೆ ಕೂರಿಸಿದರು. ಮಗಳತ್ತ ಬೆರಳು ತೋರಿಸಿದರು. ಕಸ್ತೂರಿಗೆ ಅರ್ಥವಾಯಿತು, ಮೈಕಿನತ್ತ ಬಾಗಿದಳು. “ಅನಸೂಯಾ ಫಕ್ಕೀರಪ್ಪ ಕಮ್ಮಾರ...” ಫಕ್ಕೀರಪ್ಪ ತಲೆಯಾಡಿಸಿದರು, ಹಾಗಲ್ಲ. ಕೈ ಎತ್ತಿ ‘ಸೂ’ ಎಳೆಯಲು ಸನ್ನೆ ಮಾಡಿದರು, ಕೈ ಇಳಿಸಿ ನಿಲ್ಲಿಸಿದರು. ಅವಳು ಮತ್ತೆ ಹೇಳಿದಳು, ಮತ್ತೆ. ‘ಕಾಯುತ್ತಿದ್ದಾರೆ’ ಎಂಬಲ್ಲಿಗೆ ಅವರ ಕೈ ಗಾಳಿಯಲ್ಲೇ ನಿಂತಿತು. ಅನಸೂಯಾ ಕೂತಲ್ಲಿಂದ ಎದ್ದು ಹೋಗಿ ತಂದೆಯ ಪಕ್ಕದಲ್ಲಿ ನಿಂತಳು.

ಅದನ್ನು ಹೊಸ ಡಿಸ್ಕಿಗೆ ಹಾಕಿದರು. ಕಸ್ತೂರಿ ದೀಪ ನೋಡಲಿಲ್ಲ. ತೆರೆದು, ಕೊನೆಯವರೆಗೂ ಕೇಳಿ ನೋಡಿದಳು.

ಹೊರಡುವಾಗ ಫಕ್ಕೀರಪ್ಪ ಕಪಾಟಿನ ಮುಂದೆ ನಿಂತರು. ನನ್ನ ಹಿಂದಿನ ಕಿಂಡಿಗೆ ಹೆಬ್ಬೆರಳು ಅಡ್ಡ ಹಿಡಿದು, ನನ್ನ ಮೇಲೂ ಒಂದು ಬನ್ನಿ ಎಲೆ ಇಟ್ಟರು. ಅದು ಒಣಗಿ ಇನ್ನೂ ಇಲ್ಲೇ ಇದೆ. ನನಗೆ ಕರೆಂಟಿಲ್ಲ, ದೀಪ ಆರಿದೆ. ಸರ್ವರಣ್ಣ ಜಾಗವಿಲ್ಲದೆ ಒದ್ದಾಡಿದ ದಿನ ನನ್ನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಬಿದ್ದಿತ್ತು. ಒಂದು ದನಿ ಹಿಡಿಸುವಷ್ಟು ಜಾಗ ಆಗಲೂ ಇತ್ತು, ಈಗಲೂ ಇದೆ.